ಮೀಸೆ ಕಂಡಕ್ಟರ್ ಮನೆಯ ಆಂಟೆನಾ

ಆಯುಷ್ಯವೆಲ್ಲ ಬಸ್ಸಿನಲ್ಲಿ ಕೂಗಿ ನಿವೃತ್ತನಾದ ಕಂಡಕ್ಟರನ ಗಂಟಲಿಗೆ ಇಡೀ ಬೀದಿ ಬೆಚ್ಚಿಬೀಳುತ್ತಿತ್ತು. ಮೇಲ್ದುಟಿಯನ್ನೆಲ್ಲ ಮುಚ್ಚಿ ಚಹಾದ ಲೋಟದಲ್ಲೂ ಅದ್ದುತ್ತಿದ್ದ ದಪ್ಪ ಮೀಸೆಯಿಂದಾಗಿ ಆತನಿಗೆ ಮೀಸೆ ಕಂಡಕ್ಟರ್ ಎಂದೇ ಹೆಸರು. ಮನೆಯಲ್ಲಿ ಮಾತ್ರ ಆ ಗಂಟಲಿಗೆ ಕವಡೆ ಕಿಮ್ಮತ್ತಿರಲಿಲ್ಲ. ಹೆಂಡತಿಯ ಕಿವಿ ವರ್ಷದಿಂದ ವರ್ಷಕ್ಕೆ ಮಂದವಾಗಿ ಈಗ ಪೂರ್ತಿ ಬಾಗಿಲು ಹಾಕಿಕೊಂಡಿತ್ತು. ಆತ ಏನು ಕೂಗಿದರೂ ಆಕೆ “ಹೂಂ” ಅಂದು ತನ್ನ ಕೆಲಸ ನೋಡಿಕೊಳ್ಳುವಳು.

ಆದರೂ ಆ ಮನೆಯಲ್ಲಿ ಮಾತಿತ್ತು. ಅದು ಟಿವಿಯ ಪುಣ್ಯ. ಸಂಜೆ ವಾರ್ತೆ ಓದುವ ಹೆಂಗಸಿನ ತುಟಿ ನೋಡಿ ನೋಡಿ ಆಕೆ ಮಾತು ಹಿಡಿಯುವುದನ್ನು ತಾನೇ ಕಲಿತಿದ್ದಳು. ಊಟಕ್ಕೆ ಕೂತಾಗ ಸುದ್ದಿಯನ್ನೆಲ್ಲ ಗಂಡನಿಗೆ ಒಪ್ಪಿಸುವಳು, ಮಂತ್ರಿಗಳನ್ನು ತರಾಟೆಗೆ ತೆಗೆದುಕೊಳ್ಳುವಳು. ಆತ ಬೆಳಿಗ್ಗೆಯೇ ಪೇಪರಿನಲ್ಲಿ ಓದಿದ್ದರೂ ಏನೂ ಗೊತ್ತಿಲ್ಲದವನಂತೆ ಹುಬ್ಬೇರಿಸುವನು.

ಎದುರಿಗೆ ಎತ್ತರದ ಕಟ್ಟಡವೊಂದು ಎದ್ದದ್ದೇ ತಡ, ಎಲ್ಲ ಕೆಟ್ಟಿತು. ಪರದೆಯ ಮೇಲೆ ಒಬ್ಬೊಬ್ಬರಿಗೂ ಎರಡೆರಡು ಮುಖ. ಧ್ವನಿಯೇನೋ ಚೆನ್ನಾಗಿತ್ತು, ಆದರೆ ಅದನ್ನು ಕಟ್ಟಿಕೊಂಡು ಆಕೆಗೇನು? ಜೋಡಿ ತುಟಿಗಳಿಂದ ಮಾತು ಹೆಕ್ಕಲಾಗದೆ ಆಕೆ ಟಿವಿ ಮುಂದೆ ಕೂರುವುದನ್ನೇ ಬಿಟ್ಟಳು. ಊಟ ಬರೀ ತಟ್ಟೆಯ ಸದ್ದಿನಲ್ಲಿ ಮುಗಿಯತೊಡಗಿತು. ಅದನ್ನು ತಡೆಯಲಾಗದೆ ಕಂಡಕ್ಟರ್ ಟಿವಿ ಅಂಗಡಿಗೆ ಹೋಗಿ ದೂರಿದ.

“ಸೌಂಡ್ ಬರ್ತಿದ್ಯಲ್ಲಾ ಯಜಮಾನ್ರೇ, ಮತ್ತೇನು?” ಅಂದ ಅಂಗಡಿಯವನು.

“ಸೌಂಡ್ ನೀವೇ ಇಟ್ಕೊಳ್ಳಿ. ನಂಗೆ ತುಟಿ ಬೇಕು.”

ಅಂಗಡಿಯವನು ಕಕ್ಕಾಬಿಕ್ಕಿಯಾದ. ವಿಷಯ ತಿಳಿದ ಮೇಲೆ, ಟಿವಿ ಪಕ್ಕದಲ್ಲಿಡುವ ಪುಟ್ಟ ಆಂಟೆನಾವನ್ನು ಒಳಗಿಟ್ಟು, ಸಾಲಾಗಿ ಕಡ್ಡಿಗಳಿದ್ದ ಉದ್ದನೆಯದನ್ನು ಇಳಿಸಿದ. “ಇದು ಒಂದೇ ದಿಕ್ಕಿಂದ ಸಿಗ್ನಲ್ ತಗೊಳ್ಳುತ್ತೆ. ಕಟ್ಟಡಕ್ಕೆ ಬಡಿದು ಬರೋದನ್ನ ಅಷ್ಟಾಗಿ ಹಿಡಿಯಲ್ಲ. ಆದ್ರೆ ಒಂಚೂರು ಆಚೀಚೆ ಆಗ್ಬಾರ್ದು ನೋಡಿ.”

ತಾರಸಿಯ ಕಂಬಕ್ಕೆ ಆಂಟೆನಾ ಸಿಕ್ಕಿಸಿದ್ದಾಯಿತು. ಇನ್ನು ಕೆಳಗಿನಿಂದ ಯಾರಾದರೂ “ಬಂತು, ಬಂತು, ಅಯ್ಯೋ ಹೋಯ್ತು” ಅನ್ನಬೇಕಲ್ಲ? ತನ್ನ ಕೂಗು ತನಗೇ ಕೇಳದ ಹೆಂಡತಿಗೆ ಕೂಗಲು ಮಹಾ ಸಂಕೋಚ. ಕಂಡಕ್ಟರ್ ತಾರಸಿಯಿಂದ ಕಿಟಕಿಯೊಳಕ್ಕೆ ಹಗ್ಗವೊಂದನ್ನು ಇಳಿಬಿಟ್ಟು, ಮೇಲಿನ ತುದಿಯನ್ನು ತನ್ನ ಮಣಿಕಟ್ಟಿಗೆ ಕಟ್ಟಿಕೊಳ್ಳುವುದೆಂದು ಗೊತ್ತುಮಾಡಿದ. ಒಂದು ಸಲ ಎಳೆದು ಅಂಗೈ ತೋರಿಸಿದ, ಎರಡು ಸಲ ಎಳೆದು ಕೈಯನ್ನು ಮುಂದಕ್ಕೆ ಬೀಸಿದ. ಆತನ ಬಸ್ಸಿನಲ್ಲಿ ಓಡಾಡಿದವಳಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಬಸ್ಸಿನ ಗಂಟೆ ಒಂದು ಸಲ ಹೊಡೆದರೆ ನಿಲ್ಲಿಸು, ಎರಡು ಸಲ ಹೊಡೆದರೆ ಹೊರಡು.

“ಇವತ್ತು ನಾನೇ ಕಂಡಕ್ಟರ್, ನೀವು ಡ್ರೈವರ್ರು,” ಅಂದು ಆಕೆ ಎಷ್ಟೋ ದಿನದ ಮೇಲೆ ನಕ್ಕಳು.

ವಾರ್ತೆಯ ಹೊತ್ತಿಗೆ ಸರಿಯಾಗಿ ಆತ ಮೇಲೆ ಹೋದ. ಎರಡೆಳೆತ, ಕಂಬ ತಿರುಗಿಸಿದ. ಮತ್ತೆ ಎರಡು. ಮತ್ತೆ ಎರಡು. ಭುಜ ಪದ ಹೇಳತೊಡಗಿತು. ಆಮೇಲೆ ಗಟ್ಟಿಯಾಗಿ ಒಂದೇ ಒಂದು ಎಳೆತ. ಆತ ಉಸಿರು ಬಿಗಿಹಿಡಿದು ನಟ್ಟು ಬಿಗಿದು, ದಡದಡನೆ ಇಳಿದು ಬಂದ.

ಪರದೆಯ ಮೇಲೆ ಒಬ್ಬಳೇ ಹೆಂಗಸು, ಒಂದೇ ಬಾಯಿ. ಆಕೆ ಓದುವುದನ್ನು ಹೆಂಡತಿ ಅಕ್ಷರ ತಪ್ಪದೆ ಹೇಳುತ್ತಿದ್ದಳು. ಕಂಡಕ್ಟರನಿಗೆ ಖುಷಿಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ವಾರ್ತೆಯವಳ ಬಾಯಿ ತೋರಿಸಿ, ತನ್ನ ಬಾಯಿ ತೋರಿಸಿ, ಯಾಕೆ ಹೀಗೆ ಎಂಬಂತೆ ಕೈಯಾಡಿಸಿದ.

ಆಕೆ ಹಿಂದೆಮುಂದೆ ನೋಡಿದಳು. ಆಮೇಲೆ ಮೆಲ್ಲಗೆ ಆತನ ಮೀಸೆಯ ಮೇಲೆ ಬೆರಳಿಟ್ಟಳು.

“ಅವಳಿಗೆ ಇದಿಲ್ವಲ್ರೀ. ನಿಮಗೆ ಇದಂದ್ರೆ ಪ್ರಾಣ. ಅದಕ್ಕೇ ಹೇಳ್ಲಿಲ್ಲ.”

ಕಂಡಕ್ಟರ್ ನೆಟ್ಟಗೆ ಬಚ್ಚಲುಮನೆಗೆ ಹೋದ. ಹೊರಬಂದಾಗ ಮೀಸೆ ಇರಲಿಲ್ಲ. ನಾಚಿಕೆಯಿಂದ ಕೈ ಮತ್ತೆ ಮತ್ತೆ ಮೂಗಿನ ಕೆಳಗೆ ಹೋಗುತ್ತಿತ್ತು. ಟಿವಿಗೆ ಬೆನ್ನು ಹಾಕಿ ಆಕೆಯ ಎದುರು ಕೂತು, ಕೂಗದೆ, ನಿಧಾನವಾಗಿ ಹೇಳಿದ: “ನಿನ್ನ ಮಾತಿಲ್ದೆ ಮನೆ ಬಿಕೋ ಅಂತಿತ್ತು ಕಣೇ.”

ಆಕೆ “ಹೂಂ” ಅನ್ನಲಿಲ್ಲ. ಕಣ್ಣು ತುಂಬಿಕೊಂಡವು.

“ನಂಗೂ ಅಷ್ಟೇ ಕಣ್ರೀ.”

ಹಿಂದೆ ವಾರ್ತೆ ಇನ್ನೂ ನಡೆದಿತ್ತು. ಆತ ಅತ್ತ ಕೈ ತೋರಿಸಿದ. ಆಕೆ ತಲೆಯೆತ್ತಿಯೂ ನೋಡಲಿಲ್ಲ.

“ಅವಳು ಓದ್ಕೊಳ್ಲಿ ಬಿಡಿ. ಇಷ್ಟು ವರ್ಷ ನೀವು ಏನೇನ್ ಹೇಳಿದ್ರಿ, ಅದನ್ನೆಲ್ಲಾ ಮೊದಲಿಂದ ಹೇಳಿ.”