ಕೊಡದ ಕೊರಳಿನ ಗೆರೆ

ಅಕ್ಕನ ಮುಂದಿನ ಹಲ್ಲುಗಳ ಸಂದಿಯಲ್ಲಿ ಈಚಲು ಕಡ್ಡಿಯ ನಾರು ಸದಾ ಸಿಕ್ಕಿಕೊಂಡಿರುತ್ತಿತ್ತು. ಕೊಡಕ್ಕೆ ಚಿತ್ರ ಬರೆಯಲು ಕಡ್ಡಿಯ ತುದಿಯನ್ನು ಜಗಿದು ಕುಂಚ ಮಾಡಿಕೊಳ್ಳುತ್ತಿದ್ದಳು. ಅಂಗಡಿಯ ಬ್ರಶ್ಶು ತಂದುಕೊಟ್ಟರೆ ಅದರಿಂದ ಕಸ ಗುಡಿಸುವಂತೆ ಮಾಡಿ ತೋರಿಸಿ ನಗುತ್ತಿದ್ದಳು.

ಕೊಟ್ಟೂರಿನ ನಮ್ಮ ಕುಂಬಾರರ ಮನೆಯಲ್ಲಿ ಕೊಡಗಳಿಗೆ ಚಿತ್ರ ಬರೆಯುವ ರೂಢಿ ಇರಲಿಲ್ಲ. ಗಂಡ ತೀರಿದ ಮೇಲೆ ತವರಿಗೆ ಬಂದಿದ್ದ ಅಕ್ಕನಿಗೆ ನನ್ನ ಮಗಳು ಒಮ್ಮೆ ಮೊಬೈಲಿನಲ್ಲಿ ಅಮೆರಿಕದ ಝೂನಿ ಎಂಬ ಜನರ ಕೊಡಗಳನ್ನು ತೋರಿಸಿದಳು. ಬಿಳಿ ಮೈಯ ಮೇಲೆ ಜಿಂಕೆ, ಕಪ್ಪೆ, ಕಪ್ಪೆಮರಿ. ಅವರದೂ ಮಳೆ ಕಡಿಮೆ ಇರುವ ಸೀಮೆ ಎಂದು ಕೇಳಿ ಅಕ್ಕ ಅಲ್ಲೇ ಕೂತುಬಿಟ್ಟಳು. ಆಮೇಲೆ ನಮ್ಮ ಕೊಡಗಳ ಮೇಲೂ ಜಿಂಕೆಗಳು, ನಮ್ಮ ಮಾತಿನ ಚಿಗರಿಗಳು, ಬಂದವು. ಬಾಯಿಂದ ಎದೆಯವರೆಗೆ ಕೆಂಪು ಗೆರೆ, ಅದರ ತುದಿಗೆ ಬಾಣದ ಮೊನೆ.

“ಏನಬೇ, ನಿನ್ನ ಚಿಗರಿ ಬಾಣ ನುಂಗೈತೇನು?” ಎಂದೆ.

“ಬಾಣ ಅಲ್ಲಲೇ ಹುಚ್ಚಪ್ಪ. ಅದರ ಉಸಿರು. ಎದಿಗೆ ಹೊಂಟೈತಿ.”

ಕೊಡದ ಕೊರಳಿನ ಸುತ್ತ ಎಳೆಯುವ ಗೆರೆಯನ್ನು ಮಾತ್ರ ಅವಳು ಕೂಡಿಸುತ್ತಿರಲಿಲ್ಲ. ಬೆರಳಗಲ ಬಿಡುತ್ತಿದ್ದಳು. ಆ ಗೆರೆ ಕೊಡ ಮಾಡಿದವಳ ಆಯುಷ್ಯದ ಹಾದಿ, ಕೂಡಿಸಿದರೆ ಅವಳ ಹಾದಿಯೂ ಮುಗಿಯುತ್ತದೆ ಎಂದು ಝೂನಿ ಹೆಂಗಸರು ನಂಬುತ್ತಿದ್ದರಂತೆ. ಮಗಳು ಓದಿ ಹೇಳಿದ ಈ ಮಾತನ್ನು ಅಕ್ಕ ಮನೆದೇವರ ಕಟ್ಟಳೆಯಂತೆ ಹಿಡಿದಳು.

ಹೊಸಪೇಟೆಯ ಹೋಟೆಲಿನವರೊಬ್ಬರು ಒಂದು ಕೊಡ ವಾಪಸ್ ತಂದರು. “ಗೆರಿ ಅರ್ಧಕ್ಕ ಬಿಟ್ಟಾರ್ರಿ. ನೋಡಿದವರು ಕುಂದು ಐತಿ ಅಂತಾರ. ಪೂರಾ ಮಾಡಿದ್ದು ಕೊಡ್ರಿ.”

ಅಕ್ಕನಿಗೆ ಹೇಳಿದರೆ ಒಪ್ಪುವವಳಲ್ಲ. ಮರುದಿನ ಅವಳು ಸೌದೆಗೆ ಹೋದಾಗ, ಕೊಡ ಸುಡುವ ಆವಿಗೆಯನ್ನು ಒಟ್ಟುತ್ತಿದ್ದ ನಾನು ಅವಳ ಕಡ್ಡಿಯನ್ನೇ ಎತ್ತಿಕೊಂಡು ದೊಡ್ಡ ಕೊಡದ ಗೆರೆ ಕೂಡಿಸಿದೆ. ಮಣ್ಣು ಆ ಬಣ್ಣವನ್ನು ಕೂಡಲೇ ಕುಡಿದುಬಿಟ್ಟಿತು. ಅವಳು ಎಲ್ಲಿ ಬಿಟ್ಟಿದ್ದಳೆಂದು ನನಗೇ ತಿಳಿಯಲಿಲ್ಲ.

ಆವಿಗೆ ಆರಿದ ಮೇಲೆ ಅಕ್ಕ ಕೊಡವನ್ನು ಬೂದಿಯಿಂದ ಎತ್ತಿ ಮಡಿಲಲ್ಲಿಟ್ಟು ತಿರುಗಿಸಿದಳು. ಮತ್ತೆ ತಿರುಗಿಸಿದಳು.

“ಇದನ್ನ ಯಾರು ಮುಚ್ಯಾರ?”

ಈಚೆಗೆ ಅವಳು ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದಳು. ನನಗೆ ಅದೇ ನೆಪವಾಯಿತು.

“ನೀನ ಮುಚ್ಚಿರಬೇಕು ನೋಡಬೇ. ಮರ್ತೀದಿ.”

ಅವಳು ತನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. ಮುಂದೆ ಕಡ್ಡಿ ಮುಟ್ಟಲಿಲ್ಲ. ಊಟ ಬಿಟ್ಟಳು. ಉಡದೆ ಇಟ್ಟಿದ್ದ ಸೀರೆಯನ್ನು ನನ್ನ ಮಗಳಿಗೆ ಕೊಟ್ಟಳು. ಡಾಕ್ಟರು, ಹೃದಯ ಸೋತಿದೆ, ಬಹಳ ದಿನದಿಂದ ಇದ್ದದ್ದು ಎಂದರು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಜೀವ ಹೋಗುವ ದಿನ ಸಂಜೆ ನನ್ನನ್ನು ಹತ್ತಿರ ಕರೆದಳು. “ನಾ ಹೋಗೋದು ನನ್ನ ಕೈಗೆ ಮೊದಲ ಗೊತ್ತಾಗೈತಿ ಕಾಣ್ತೈತಿ. ನನಗ ಹೇಳದಂಗ ಮುಚ್ಚಿಬಿಟ್ಟೈತಿ. ಅಂಜಿಕಿ ಬರ್ತೈತಲೇ, ಹಿಡ್ಕ ಅದನ್ನ.”

ಹಿಡಿದುಕೊಂಡೆ. ಹೇಳಲಿಲ್ಲ.

ನಿಜ ಹೇಳಿದ್ದರೆ ಉಳಿಯುತ್ತಿದ್ದಳೆಂದು ನಾನು ಅನ್ನುವುದಿಲ್ಲ. ನನ್ನನ್ನು ಬೈದುಕೊಂಡು ಹೋಗುತ್ತಿದ್ದಳು. ತನ್ನ ಕೈಗೇ ಅಂಜಿಕೊಂಡು ಹೋಗುತ್ತಿರಲಿಲ್ಲ.