ಚಿಕ್ಕಪ್ಪನ ಬಿಸ್ಕುಟ್

ನಮ್ಮ ಕುಟುಂಬದಲ್ಲಿ ಬಿಸ್ಕುಟಿನ ಬಗ್ಗೆ ಮಾತನಾಡುವವರೆಲ್ಲ ಗಂಡಸರು. ಮಾಡುವವಳು ಒಬ್ಬಳೇ, ನನ್ನ ಅಮ್ಮ. ಅವಳಿಗೆ ಅದನ್ನು ಕಲಿಸಿದ್ದು ಅವಳ ಅತ್ತೆ, ಅಂದರೆ ನನ್ನ ಅಜ್ಜಿ. ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಈಗಲೂ ಮದುವೆ ಊಟಕ್ಕೆ ಕೂತಾಗ ನಮ್ಮವರು "ನಮ್ಮ ಮನೆ ಬಿಸ್ಕುಟ್ ಉಂಟಲ್ಲ, ಅದರ ಗಮ್ಮತ್ತೇ ಬೇರೆ" ಎಂದು ಶುರು ಮಾಡಿದರೆ ಪಾಯಸ ಬರುವವರೆಗೂ ನಿಲ್ಲಿಸುವುದಿಲ್ಲ. ಇವರಲ್ಲಿ ಒಬ್ಬರಾದರೂ ಒಲೆಗೆ ಒಂದು ತೆಂಗಿನ ಗೆರಟೆಯ ತುಂಡು ಹಾಕಿದವರಲ್ಲ.

ಹೋದ ತಿಂಗಳು ಚಿಕ್ಕಪ್ಪನಿಗೆ, ಅಜ್ಜಿಯ ಕಿರಿಮಗನಿಗೆ, ಈ ಪರಂಪರೆಯನ್ನು ಉಳಿಸುವ ಹುಕಿ ಬಂತು. ನಿವೃತ್ತರಾದ ಮೇಲೆ ಅವರು ಉಳಿಸಲು ಹೊರಟ ಮೂರನೆಯ ಪರಂಪರೆ ಇದು. ಮೊದಲಿನ ಎರಡು ಅರ್ಧಕ್ಕೇ ನಿಂತಿವೆ. ಬಿಸ್ಕುಟ್ ಮಾಡುವ ವಿಡಿಯೋ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬೇಕೆಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಫೋನಿಗೆ ಮೂರು ಕಾಲಿನ ಸ್ಟ್ಯಾಂಡ್ ಹಿಡಿದುಕೊಂಡು ಉಪ್ಪಿನಂಗಡಿಯಿಂದ ಬೆಟ್ಟಂಪಾಡಿಗೆ ಬಂದರು. ಅಲ್ಲಿ ನನ್ನ ಅಣ್ಣನ ಮನೆ, ಅಮ್ಮ ಇರುವುದು ಅಲ್ಲಿಯೇ. ತಿಂಗಳಿಗೊಮ್ಮೆ ಪುತ್ತೂರಿನಿಂದ ಹೋಗಿಬರುವ ನಾನೂ ಆ ದಿನ ಅಲ್ಲಿದ್ದೆ. ನನಗೆ ಬೇಕಾಗಿದ್ದದ್ದು ಒಂದೇ. ಆ ವಿಡಿಯೋದಲ್ಲಿ ಚಿಕ್ಕಪ್ಪ ಒಂದು ಸಲ, ಬರೇ ಒಂದು ಸಲ, "ಇದನ್ನು ಮಾಡುವವರು ನಮ್ಮ ಅತ್ತಿಗೆ" ಎನ್ನಬೇಕು.

ಅಣ್ಣನ ಅಡಿಗೆಮನೆಯಲ್ಲಿ ಓವನ್ ಉಂಟು. ಅಮ್ಮ ಅದರ ಹತ್ತಿರ ಹೋಗುವುದಿಲ್ಲ. ಹಿತ್ತಿಲಿನ ಒಲೆಯ ಮೇಲೆ ದಪ್ಪ ತಳದ ಪಾತ್ರೆ ಇಟ್ಟು, ಅದರೊಳಗೆ ಹೊಯಿಗೆ, ಅಂದರೆ ಹೊಳೆಯ ಮರಳು, ಹಾಕಿ ಬಿಸಿ ಮಾಡುತ್ತಾಳೆ. ಹೊಯಿಗೆಯ ಮೇಲೆ ಬಿಸ್ಕುಟಿನ ತಟ್ಟೆ, ಪಾತ್ರೆಗೆ ಕಬ್ಬಿಣದ ಮುಚ್ಚಳ, ಮುಚ್ಚಳದ ಮೇಲೆ ಗೆರಟೆಯ ಕೆಂಡ. ಕೆಳಗಿನ ಬೆಂಕಿಗೂ ಮೇಲಿನ ಕೆಂಡಕ್ಕೂ ನಡುವೆ ಬಿಸ್ಕುಟ್ ಬೇಯಬೇಕು.

"ಕೆಂಡ ಬಿಳಿ ಆಗುವವರೆಗೆ ಮುಚ್ಚಳ ಮುಟ್ಟುದು ಬೇಡ" ಎಂದಳು ಅಮ್ಮ.

"ಒಳಗೆ ಹೇಗೆ ಉಬ್ಬುತ್ತಾ ಉಂಟು ಅಂತ ಜನರಿಗೆ ಕಾಣುದು ಬೇಡ್ವಾ ಅತ್ತಿಗೆ?" ಎಂದವರೇ ಚಿಕ್ಕಪ್ಪ ಇಕ್ಕಳದಿಂದ ಮುಚ್ಚಳ ಎತ್ತಿದರು. ಎತ್ತಿದ್ದು ಓರೆಯಾಯಿತು. ಮೇಲಿದ್ದ ಕೆಂಡ, ಬೂದಿ ಎಲ್ಲ ಸೀದಾ ಬಿಸ್ಕುಟಿನ ಮೇಲೆ. ಆಗಲೂ ಮಹಾನುಭಾವರು ಫೋನಿನ ಕಡೆ ನೋಡಿ ನಗುತ್ತಿದ್ದರು.

ಅಮ್ಮ ಆ ತಟ್ಟೆಯನ್ನು ತೆಗೆದು ಬದಿಗಿಟ್ಟು ಇನ್ನೊಂದು ತಟ್ಟೆ ಇಟ್ಟಳು. ಹೊಸ ಕೆಂಡ ಹಾಕಿದಳು. ಅದು ಬೆಂದ ಮೇಲೆ ಚಿಕ್ಕಪ್ಪ ತಟ್ಟೆಯನ್ನು ಎದೆಯ ಹತ್ತಿರ ಹಿಡಿದುಕೊಂಡು ನಿಂತರು. "ಇದು ನನ್ನ ಅಮ್ಮನ ಕೈರುಚಿ. ಬೆಂಕಿಯ ಹದ ಗೊತ್ತಿದ್ದವರಿಗೆ ಮಾತ್ರ ಬರುವಂಥದ್ದು" ಎಂದು ಫೋನಿಗೆ ಹೇಳಿದರು. ವಿಡಿಯೋದಲ್ಲಿ ಅಮ್ಮ ಇರುವುದು ಮೊಣಕೈಯ ತನಕ, ಕೆಂಡ ಹರಡುವಷ್ಟು ಹೊತ್ತು. ಗುಂಪಿನಲ್ಲಿ ಕೈಮುಗಿದ ಚಿತ್ರಗಳ ಸುರಿಮಳೆ. ಸುಳ್ಯದ ಸಂಬಂಧಿಕರೊಬ್ಬರು "ಎಲ್ಲ ನಿಮ್ಮ ಕೈಗುಣ" ಎಂದು ಬರೆದರು. ಚಿಕ್ಕಪ್ಪ ಅದಕ್ಕೂ ಹೆಬ್ಬೆರಳು ಎತ್ತಿ, ಎರಡು ಡಬ್ಬಿ ತುಂಬಿಸಿಕೊಂಡು ಹೊರಟರು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರ ಕಾರು ಗೇಟು ದಾಟಿದ್ದೇ ಹಿತ್ತಿಲಿಗೆ ಹೋದೆ. ಅಮ್ಮ ಮೂರನೆಯ ತಟ್ಟೆಗೆ ಕೂತಿದ್ದಳು, ಅದು ನನಗೆ.

"ಎಂತ ಜನ ಅಮ್ಮ ಇವರು! ಬೂದಿ ಬೀಳಿಸಿದವರಿಗೆ ಹೊಗಳಿಕೆ. ನಾಚಿಕೆ ಆಗುದಿಲ್ವಾ? ನೀನಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?"

ಅಮ್ಮ ಕೆಂಡ ಸರಿಮಾಡುತ್ತಾ ಕೇಳಿದಳು. "ಎರಡು ಕುಡ್ತೆ ಮೈದಾಕ್ಕೆ ತುಪ್ಪ ಎಷ್ಟು?"

ನನಗೆ ಗೊತ್ತಿರಲಿಲ್ಲ.

"ಅಕ್ಕಿಹುಡಿ ಎಷ್ಟು ಹಾಕುದು?"

ಅಕ್ಕಿಹುಡಿ ಹಾಕುತ್ತಾಳೆಂಬುದೇ ನನಗೆ ಆಗ ತಿಳಿದದ್ದು. ಮೂವತ್ತು ವರ್ಷದಿಂದ ತಿನ್ನುತ್ತಿದ್ದೇನೆ.

"ಅವನಿಗೆ ಗೊತ್ತುಂಟು" ಎಂದಳು ಅಮ್ಮ. "ಬೆಳಿಗ್ಗೆ ಬಂದವನೇ ಒಂದೊಂದೇ ಕೇಳಿ ಬರ್ಕೊಂಡ. ಅಂಗಿ ಇಸ್ತ್ರಿ ಮಾಡಿಕೊಂಡಾದ್ರೂ ಆಗ್ಲಿ, ಅವನು ಕೇಳ್ಲಿಕ್ಕೆ ಬಂದ. ನೀನು ಡಬ್ಬಿ ತಕೊಂಡು ಹೋಗ್ಲಿಕ್ಕೆ ಬರುದು."

ಸಿಟ್ಟಿನಿಂದ ಹೇಳಲಿಲ್ಲ, ಉಪ್ಪು ಮುಗಿದಿದೆ ಎಂದು ಹೇಳುವಂತೆ ಹೇಳಿದಳು. ಪುತ್ತೂರಿನಿಂದ ತೊಳೆದು ತಂದಿದ್ದ ನನ್ನ ಖಾಲಿ ಡಬ್ಬಿ ಅಲ್ಲೇ ಕಟ್ಟೆಯ ಮೇಲಿತ್ತು. ಬಿಸ್ಕುಟ್ ಆರಿದ ಮೇಲೆ ಅಮ್ಮ ಅದನ್ನು ತುಂಬಿಸಿ, ಒತ್ತಿ ಮುಚ್ಚಿ, ನನ್ನ ಕಡೆ ಚಾಚಿದಳು. ನಾನು ತೆಗೆದುಕೊಂಡೆ.