ನಾಮಕರಣದ ಬಿಯರಿಗೆ ಹೆಪ್ಪು

ಸಿನ್ನೆವಾಳ ಅಡುಗೆಮನೆಯ ಓವನ್ನಿಗೆ ಇರುವುದು ಒಂದೇ ಗುಂಡಿ. ಒಮ್ಮೆ ಟಕ್ಕೆಂದು ತಿರುಗಿಸಿದರೆ ಒಳಗೆ ದೀಪ ಹತ್ತುತ್ತದೆ. ಅದರಾಚೆಗೆ ತಿರುಗಿಸಿದರೆ ಬಿಸಿ ಏರುತ್ತದೆ. ಗುರುವಾರ ಮಧ್ಯಾಹ್ನ ಹಿಟ್ಟು ಮೆತ್ತಿದ ಕೈಯಲ್ಲೇ ಅದನ್ನು ಇನ್ನೂರಿಪ್ಪತ್ತೈದಕ್ಕೆ ತಿರುಗಿಸಿದಾಗ, ದೀಪ ಮೊದಲೇ ಉರಿಯುತ್ತಿದ್ದುದು ಅವಳ ಕಣ್ಣಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ.

ಮಗಳು ಎಂಬ್ಲಾಳ ತರಗತಿಗೆ ಮರುದಿನ ಮೂವತ್ತು ದಾಲ್ಚಿನ್ನಿ ಬನ್ನು ಕಳಿಸುತ್ತೇನೆಂದು ಒಪ್ಪಿಕೊಂಡಿದ್ದಳು. ನಾಲ್ಕು ತಿಂಗಳ ಕೂಸು ತೊಟ್ಟಿಲಲ್ಲಿ ರಾಗ ಎಳೆಯುತ್ತಿತ್ತು. ಬಟ್ಟೆ ಒಗೆಯುವ ಯಂತ್ರ ತನ್ನ ಕೆಲಸ ಮುಗಿಯಿತೆಂದು ಬಡಿದುಕೊಳ್ಳುತ್ತಿತ್ತು. ಹತ್ತು ನಿಮಿಷ ಕಳೆದಿರಬೇಕು.

“ಅಮ್ಮಾ, ಬನ್ನು ಆಗೋಯ್ತಾ? ಸೀದ ವಾಸ್ನೆ ಬರ್ತಿದೆ,” ಅಂದಳು ಆರು ವರ್ಷದ ಎಂಬ್ಲಾ.

“ಇನ್ನೂ ಒಳಗೇ ಇಟ್ಟಿಲ್ಲ ಕಣೇ, ಎಲ್ಲಿಂದ...” ಎಂದವಳ ಮಾತು ಅಲ್ಲಿಗೇ ನಿಂತಿತು.

ಓವನ್ನಿನೊಳಗೆ ಎರಡು ತಟ್ಟೆ ತುಂಬ ಬಿಯರ್ ಹುದುಗಿಸುವ ಹೆಪ್ಪಿತ್ತು. ಬೆಳಿಗ್ಗೆ ಕೆನೆಬಣ್ಣದ ಹಪ್ಪಳದ ಚೂರಿನಂತೆ ಇದ್ದದ್ದು ಈಗ ಅಂಚಿನಲ್ಲಿ ಕಂದಿ, ನಡುವೆ ಹುರಿದ ಕಡಲೆಯ ಬಣ್ಣಕ್ಕೆ ತಿರುಗಿತ್ತು. ಅವರಿರುವ ಕಣಿವೆಯಲ್ಲಿ ಮನೆಯಲ್ಲೇ ಬಿಯರ್ ಕಾಯಿಸುವವರು ಹೆಪ್ಪನ್ನು ಕ್ವೈಕ್ ಎನ್ನುತ್ತಾರೆ. ಒಂದು ಸಲದ ಬಿಯರಿನ ತಳದಿಂದ ತೆಗೆದು, ಹಾಳೆಯ ಮೇಲೆ ಹರಡಿ, ಓವನ್ನಿನ ದೀಪದ ಬಿಸುಪಿನಲ್ಲಿ ಎರಡು ದಿನ ಒಣಗಿಸಿ, ಮುಂದಿನ ಸಲಕ್ಕೆ ಶೀಶೆಯಲ್ಲಿಡುತ್ತಾರೆ. ದೀಪದ್ದು ಸಾಕು, ಅದಕ್ಕಿಂತ ಹೆಚ್ಚು ಬಿಸಿ ಆಗದು. ಆ ಊರಿನ ಎಷ್ಟೋ ಮನೆಯ ಓವನ್ನಿನ ಬಾಗಿಲಿಗೆ ಅಂತಹ ದಿನಗಳಲ್ಲಿ ಹಚ್ಚಬೇಡಿ ಎಂಬ ಒಂದು ಚೀಟಿ ಅಂಟಿರುತ್ತದೆ. ಸಿನ್ನೆವಾ ಕೂಡ ಅಂಟಿಸಿದ್ದಳು. ಬೆಳಿಗ್ಗೆ ಗಾಜು ಒರೆಸುವಾಗ ಅದನ್ನು ತೆಗೆದು ಕಿಟಕಿಯ ಕಟ್ಟೆಗಿಟ್ಟವಳೂ ಅವಳೇ.

ತಟ್ಟೆಗಳನ್ನು ಹೊರಗೆಳೆದು ಕಿಟಕಿ ತೆರೆದಳು. ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಬನ್ನುಗಳನ್ನು ಓವನ್ನಿಗೆ ಹಾಕಿದಳು. ಹೇಗೂ ಕಾದಿತ್ತಲ್ಲ.

ಸಿನ್ನೆವಾಗೆ ಮೂವತ್ತಮೂರು ವರ್ಷ. ಮುನಿಸಿಪಾಲಿಟಿಯ ಪುಟ್ಟ ಬಿಳಿ ಕಾರಿನಲ್ಲಿ ಮನೆಮನೆಗೆ ಹೋಗಿ ಮುದುಕರಿಗೆ ಮಾತ್ರೆ ಕೊಟ್ಟು, ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿ ಬರುವ ದಾದಿ. ಈಗ ಹೆರಿಗೆ ರಜೆ. ಅವಳ ಓರಗೆಯವರಿಗೆ ಹೆಣಿಗೆಯೋ ಓಟವೋ ಇದ್ದಂತೆ ಅವಳಿಗೆ ಬಿಯರ್. ಹಂಡೆ ಕುದಿಯುವ ನಾಲ್ಕು ಗಂಟೆಯಲ್ಲಿ ಇಸ್ತ್ರಿ ಮುಗಿಸುತ್ತಾಳೆ, ವಾರದ ಆಲೂಗೆಡ್ಡೆ ಸುಲಿಯುತ್ತಾಳೆ, ಎಂಬ್ಲಾಳ ಓದು ಕೇಳುತ್ತಾಳೆ. ಬಿಯರಿನ ರಸದ ಬಿಸಿ ನೋಡಲು ಅವಳಿಗೆ ಬೇರೆ ಉಪಕರಣವಿಲ್ಲ. ಕೂಸಿನ ಸ್ನಾನದ ನೀರಿಗೆ ಅದ್ದುವ ಮೀನಿನಾಕಾರದ ಥರ್ಮಾಮೀಟರೇ ಸಾಕು. ಕೂಸಿಗೆ ಮೂವತ್ತೇಳು, ಹೆಪ್ಪಿಗೆ ಮೂವತ್ತೊಂಬತ್ತು. “ಕೂಸಿಗಿಂತ ಹೆಪ್ಪಿಗೇ ಒಂದು ಕೈ ಹೆಚ್ಚು,” ಎಂದು ಗಂಡ ಹಾಲ್ವಾರ್ಡ್ ಕಿಚಾಯಿಸುತ್ತಾನೆ.

ಹೆಪ್ಪು ಅವಳ ಅಪ್ಪ ತೋರ್ಲೈವನದು, ಅವನಿಗೆ ಅವನಪ್ಪನಿಂದ ಬಂದದ್ದು. ಇಪ್ಪತ್ತೆಂಟು ಚಳಿಗಾಲ ರಸ್ತೆಯ ಹಿಮ ತೆಗೆಯುವ ಗಾಡಿ ಓಡಿಸಿದ ಮಾತು ಕಡಿಮೆಯ ಮನುಷ್ಯ ಅವನು. ಭುಜ ಕೈಕೊಟ್ಟು ಹಂಡೆ ಎತ್ತಲಾಗದಾದಾಗ ಹೆಪ್ಪು ತುಂಬಿದ ಒಂದು ಜಾಮ್ ಶೀಶೆ ತಂದು ಮಗಳ ಮೇಜಿನ ಮೇಲಿಟ್ಟು, “ನಿನ್ನ ಕೈ ಶುದ್ಧ,” ಎಂದಷ್ಟೇ ಹೇಳಿ ಹೋಗಿದ್ದ. ಅವನಿಂದ ಅವಳು ಪಡೆದ ದೊಡ್ಡ ಹೊಗಳಿಕೆ ಅದೇ.

ಬಸಿರು, ಬಾಣಂತನ ಎಂದು ಒಂದು ವರ್ಷ ಬಿಯರಿಗೆ ಕೈ ಹಾಕಿರಲಿಲ್ಲ. ಈಗ ಕೂಸಿನ ನಾಮಕರಣ ಬಂದಿತ್ತು. ಅಲ್ಲಿ ನಾಮಕರಣಕ್ಕೆ ಕಾಯಿಸುವ ಬಿಯರಿಗೆ ಮಗುವಿನ ಬಿಯರ್ ಎಂದೇ ಹೆಸರು; ಚರ್ಚಿನಿಂದ ಬಂದವರಿಗೆಲ್ಲ ಅದನ್ನು ಕೊಡದಿದ್ದರೆ ತೋರ್ಲೈವನ ಲೆಕ್ಕದಲ್ಲಿ ಮಗುವಿಗೆ ಅರ್ಧ ಹೆಸರಷ್ಟೇ ಇಟ್ಟಂತೆ. ಫ್ರೀಜರಿನಲ್ಲಿ ಉಳಿದ ಹಳೆಯ ಹೆಪ್ಪು ಸೊರಗಿರಬಹುದೆಂದು ಭಾನುವಾರ ಅದಷ್ಟನ್ನೂ ತೆಗೆದು ಸಣ್ಣ ಪಾತ್ರೆಯಲ್ಲಿ ಎಬ್ಬಿಸಿದ್ದಳು. ಎದ್ದಿತ್ತು. ತಳದಲ್ಲಿ ಕೂತದ್ದನ್ನೆಲ್ಲ ಬಳಿದು ಒಣಗಲು ಹಾಕಿದ್ದಳು, ಯಾಕೆಂದರೆ ಹಸಿ ಹೆಪ್ಪನ್ನು ದೊಡ್ಡ ಹಂಡೆಗೆ ಹಾಕಬಾರದೆಂಬುದು ಅಪ್ಪನ ಹಠ. ಪಾತ್ರೆಯನ್ನು ಬಿಸಿನೀರು ಸೋಪು ಹಾಕಿ ಒಂದು ಹನಿಯೂ ಉಳಿಯದಂತೆ ಉಜ್ಜಿ ತೊಳೆದಿದ್ದಳು. ಅವಳ ಶುದ್ಧ ಕೈ.

ಗುರುವಾರ ಸಂಜೆ ಚೂರುಗಳಲ್ಲಿ ಕಡಿಮೆ ಕಂದಿದವನ್ನು ಆರಿಸಿ ಮೂರು ಶೀಶೆಯಲ್ಲಿ ಸಕ್ಕರೆ ನೀರಿಗೆ ಹಾಕಿ, ಕೂಸಿನ ಉಣ್ಣೆ ಟೋಪಿಗಳನ್ನು ತೊಡಿಸಿ, ಸ್ನಾನದ ಮನೆಯ ಬೆಚ್ಚನೆಯ ನೆಲದ ಮೇಲಿಟ್ಟಳು. ಕೂಸಿಗೆ ಹಾಲು ಕೊಡಲು ಎದ್ದಾಗಲೆಲ್ಲ ಹೋಗಿ ಬಗ್ಗಿ ನೋಡಿದಳು. ಒಂದು ಗುಳ್ಳೆ. ಅವಳು ಮಂಡಿಯೂರಿ ಕೂತಳು. ಗುಳ್ಳೆ ಒಡೆಯಿತು, ಇನ್ನೊಂದು ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಮೂರೂ ಶೀಶೆ ಕೆರೆಯ ನೀರಿನಂತೆ ಸುಮ್ಮನಿದ್ದವು. ಆ ಹೊತ್ತಿಗೇ ಅಪ್ಪನ ಫೋನ್ ಬಂತು.

“ಬಿಯರ್ ನೀರಿಗೆ ಜುನಿಪರ್ ಕೊಂಬೆ ಕಡಿದಿಟ್ಟಿದೀನಿ. ನಾಳೆ ಏಳಕ್ಕೆ ಬರ್ತೀನಿ.”

“ಹೂಂ ಅಪ್ಪ.”

“ಹೆಪ್ಪು ಎದ್ದಿದೆಯಾ?”

ಕೂಸು ಅವಳ ತೋಳಿನಲ್ಲಿ ಬಿಕ್ಕಳಿಸುತ್ತಿತ್ತು. ಅದರ ಬೆನ್ನು ತಟ್ಟುತ್ತ, “ಎದ್ದಿದೆ,” ಅಂದುಬಿಟ್ಟಳು.

“ಒಳ್ಳೇದು,” ಎಂದು ಅವನು ಫೋನ್ ಇಟ್ಟ.

ಯಾಕೆ ಹಾಗೆ ಹೇಳಿದಳೋ ಅವಳಿಗೇ ತಿಳಿಯಲಿಲ್ಲ. ಮತ್ತೆ ಫೋನ್ ಮಾಡಿ, ಇಲ್ಲ ಅಪ್ಪ, ಸುಟ್ಟುಬಿಟ್ಟೆ ಅನ್ನುವುದಕ್ಕೆ ಒಂದು ನಿಮಿಷ ಸಾಕಿತ್ತು. ಆ ಒಂದು ನಿಮಿಷ ಇಡೀ ಬೆಳಿಗ್ಗೆಯಲ್ಲಿ ಸಿಗಲಿಲ್ಲ.

ಬಡಗಿ ಕೆಲಸದಿಂದ ಊಟಕ್ಕೆ ಬಂದ ಹಾಲ್ವಾರ್ಡ್ ವಿಷಯ ಕೇಳಿ ತಲೆ ಕೆರೆದುಕೊಂಡ. “ಪೇಟೇಲಿ ಪ್ಯಾಕೆಟ್ ಸಿಗುತ್ತಲ್ಲ. ಅದನ್ನೇ ಜಾಮ್ ಶೀಶೆಗೆ ಸುರಿ. ನಿಮ್ಮಪ್ಪನಿಗೇನು ಹೆಪ್ಪಿನ ಮುಖಪರಿಚಯ ಇದೆಯಾ?”

“ಮುಖ ಅಲ್ಲ, ಮೂಗು. ಮುಚ್ಚಳ ತೆಗೆದ್ರೆ ಕಿತ್ತಳೆ ಸಿಪ್ಪೆ ವಾಸ್ನೆ ಬರ್ಬೇಕು. ಬರ್ಲಿಲ್ಲ ಅಂದ್ರೆ ಅವನು ಏನೂ ಅನ್ನಲ್ಲ, ಟೋಪಿ ಹಾಕ್ಕೊಂಡು ಮನೆಗೆ ಹೋಗ್ತಾನೆ. ಅದು ನನಗೆ ಬೇಡ.”

“ಹಾಗಾದ್ರೆ ಆರ್ನ್‌ಫಿನ್ ಹತ್ರ ಹೋಗು.”

ಆರ್ನ್‌ಫಿನ್ ಹೊಳೆಯಾಚೆಯ ಮುದುಕ. ಅವನ ಹೆಪ್ಪು ಹಿಂದೊಂದು ಕಾಲಕ್ಕೆ ಇವರದೇ ಮನೆಯಿಂದ ಹೋದದ್ದೆಂದು ಒಬ್ಬರು, ಇವರದೇ ಅಲ್ಲಿಂದ ಬಂದದ್ದೆಂದು ಇನ್ನೊಬ್ಬರು. ಹೆಪ್ಪು ಸತ್ತರೆ ನೆರೆಮನೆಗೆ ಹೋಗಿ ಕೇಳುವುದು ಅಲ್ಲಿ ನಾಚಿಕೆಯ ಮಾತಲ್ಲ. ಆದರೂ ತೋರ್ಲೈವ್ ಅವನ ಮನೆಯ ಬಿಯರನ್ನು ಮೂಸಿ ಪಕ್ಕಕ್ಕಿಡುವುದನ್ನು ಸಿನ್ನೆವಾ ಚಿಕ್ಕಂದಿನಿಂದ ನೋಡಿದ್ದಳು. ಕಾರಣ ಯಾರೂ ಹೇಳಿರಲಿಲ್ಲ.

ಕೂಸನ್ನು ಕಾರಿನ ಸೀಟಿಗೆ ಬಿಗಿದು ಹೊರಟಳು. ಆರ್ನ್‌ಫಿನ್ ಅಂಗಳದಲ್ಲಿ ಸೌದೆ ಒಟ್ಟುತ್ತಿದ್ದ.

“ಮಾತ್ರೆ ತಂದ್ಯಾ? ಇವತ್ತು ನಂದಲ್ಲವಲ್ಲ ಸರದಿ.”

“ರಜೆಯಲ್ಲಿದೀನಿ, ಆರ್ನ್‌ಫಿನ್. ಹೆಪ್ಪು ಕೇಳೋಕೆ ಬಂದೆ.”

ಅವನು ಕೊರಡನ್ನು ಕೆಳಗಿಟ್ಟ. “ತೋರ್ಲೈವನ ಮಗಳು, ನನ್ನ ಹತ್ರ. ಕಾಗೆ ಬೆಳ್ಳಗಾಯ್ತಾ? ನಿಮ್ಮನೇದು ಏನಾಯ್ತು?”

“ಓವನ್ ಹಚ್ಚಿಬಿಟ್ಟೆ.”

ಅವನು ನಗುತ್ತಾನೆಂದುಕೊಂಡಿದ್ದಳು. ನಗಲಿಲ್ಲ. “ಎಲ್ಲಾನೂ?”

“ಎಲ್ಲಾನೂ.”

“ಅಪ್ಪನಿಗೆ ಗೊತ್ತಾ?”

ಅವಳು ಕೂಸಿನ ಕಾಲುಚೀಲ ಮೇಲೆಳೆದಳು. ಆಗಲೇ ಮೇಲಿತ್ತು ಅದು.

ಆರ್ನ್‌ಫಿನ್ ಒಳಗೆ ಹೋಗಿ ಕಾಗದದ ಪೊಟ್ಟಣವೊಂದನ್ನು ತಂದ. ಆದರೆ ಕೊಡಲಿಲ್ಲ, ಅಂಗೈಯಲ್ಲೇ ಇಟ್ಟುಕೊಂಡು ನಿಂತ. “ನೋಡು ಮಗಾ. ಬಿಯರ್ ಆದ್ಮೇಲೆ ರುಚಿ ನೋಡೋಕೆ ಬಂದವರು ಮೊದಲು ಏನು ಕೇಳ್ತಾರೆ?”

“ಹೆಪ್ಪು ಯಾರ ಮನೇದು ಅಂತ.”

“ಮೊದಲ ಬಟ್ಟಲು ಯಾರಿಗೆ?”

“ಹೆಪ್ಪು ಕೊಟ್ಟವರಿಗೆ.”

“ನಿನ್ನ ಅಜ್ಜ ನಮ್ಮಪ್ಪನ ಹತ್ರ ಒಂದ್ಸಲ ಇದೇ ತರ ಒಯ್ದ. ಕೇಳಿದವರಿಗೆಲ್ಲ ತನ್ನ ಮನೇದೇ ಅಂದ. ಮೊದಲ ಬಟ್ಟಲು ತಾನೇ ಕುಡಿದ. ನಮ್ಮಪ್ಪ ಅಲ್ಲೇ ಬೆಂಚಿನ ಮೇಲೆ ಕೂತಿದ್ದ. ಆಮೇಲೆ ಆ ಮನೆ ಮೆಟ್ಟಿಲು ಹತ್ತಲಿಲ್ಲ.” ಪೊಟ್ಟಣವನ್ನು ಅವಳ ಕೈಗಿಟ್ಟ. “ಹಂಡೆಗೆ ಹಾಕೋ ಮೊದಲು ತೋರ್ಲೈವನಿಗೆ ಹೇಳು. ಆಮೇಲೆ ಹೇಳೋದಾದ್ರೆ ಇದನ್ನ ಈಗ್ಲೇ ವಾಪಸ್ ಕೊಡು.”

“ಹೇಳ್ತೀನಿ.”

“ಥ್ಯಾಂಕ್ಸ್ ಗೀಂಕ್ಸ್ ಬೇಡ. ಕೂಸಿಗೆ ಚಳಿ ಆಗ್ತಿದೆ, ಹೊರಡು.”

ಬರುವಾಗ ದಾರಿಯಲ್ಲಿ ಎರಡು ಸಲ ಕಾರು ನಿಲ್ಲಿಸಿ ಫೋನ್ ಕೈಗೆತ್ತಿಕೊಂಡಳು. ಅಜ್ಜ ಸುಳ್ಳು ಹೇಳಿದ್ದ ಎಂಬುದು ಅಪ್ಪನಿಗೆ ಗೊತ್ತಿತ್ತೇ? ಗೊತ್ತಿದ್ದರೆ ಆ ಮೂಸಿ ಪಕ್ಕಕ್ಕಿಡುವುದಕ್ಕೆ ಬೇರೆಯೇ ಅರ್ಥ. ಗೊತ್ತಿಲ್ಲದಿದ್ದರೆ ಅದನ್ನೂ ಅವಳೇ ಹೇಳಬೇಕು. ಎರಡು ಸಲವೂ ಫೋನ್ ಕೆಳಗಿಟ್ಟಳು.

ಶನಿವಾರ ಏಳಕ್ಕೆ ಐದು ನಿಮಿಷವಿರುವಾಗಲೇ ತೋರ್ಲೈವ್ ಜುನಿಪರ್ ಕೊಂಬೆಗಳ ಹೊರೆಯೊಂದಿಗೆ ಬಂದ. ಬಂದ ಕೂಡಲೇ ಹೇಳಬೇಕೆಂದು ಬಾಗಿಲಲ್ಲೇ ನಿಂತಿದ್ದಳು. ಅಷ್ಟರಲ್ಲಿ ಎಂಬ್ಲಾ, “ಅಜ್ಜಾ,” ಎಂದು ಓಡಿ ಅವನ ಕಾಲಿಗೆ ಸುತ್ತಿಕೊಂಡಳು. ಕೊಂಬೆ ಹಾಕಿ ನೀರು ಕಾಯಿಸಿದ ಮೇಲೆ ಹೇಳೋಣವೆಂದುಕೊಂಡಳು. ಆಗ ಅವನು ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯ ಮಾಲ್ಟ್ ಸುರಿಯಲು ತೊಡಗಿದ. ಸೋಸಿದ ಮೇಲೆ ಎಂದುಕೊಂಡಳು. ರಸ ಜೇನಿನಂತೆ ಇಳಿಯುತ್ತಿತ್ತು, ಅವನು ಬೆರಳದ್ದಿ ನೆಕ್ಕಿ, ಎಂದೂ ನಗದವನು ಕಣ್ಣಲ್ಲೇ ಸ್ವಲ್ಪ ನಕ್ಕ. ಆ ಮುಖಕ್ಕೆ ಹೇಳುವುದು ಹೇಗೆ? ನಾಲ್ಕು ಗಂಟೆ ಹೊತ್ತು ಹಂಡೆ ಕುದಿಯಿತು. ನಡುವೆ ಕೂಸಿಗೆ ಎರಡು ಸಲ ಹಾಲು, ಒಂದು ಸಲ ಸ್ನಾನ, ಎಲ್ಲರಿಗೂ ಗಂಜಿ. ಅವಳು ಏಪ್ರನ್ನಿನ ಜೇಬಿನಲ್ಲಿದ್ದ ಪೊಟ್ಟಣವನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು.

ಮೂರು ಗಂಟೆಗೆ ರಸ ತಣಿಯಿತು. ಮೀನಿನ ಥರ್ಮಾಮೀಟರ್ ಮೂವತ್ತೊಂಬತ್ತು ತೋರಿಸಿತು.

“ತಾ,” ಎಂದು ತೋರ್ಲೈವ್ ಕೈ ಚಾಚಿದ.

ಅವಳು ಪೊಟ್ಟಣವನ್ನು ಕೊಟ್ಟಳು. ಅವನು ಜಾಮ್ ಶೀಶೆಗಾಗಿ ಚಾಚಿದ್ದ ಕೈಯನ್ನೂ ಅದರ ಮೇಲಿದ್ದ ಹಳೇ ದಿನಪತ್ರಿಕೆಯ ಕಾಗದವನ್ನೂ ನೋಡಿದ. ಬಿಚ್ಚಿ ಮೂಸಿದ. ಕಿತ್ತಳೆಯೇ, ಆದರೆ ಅದರಾಚೆ ಇನ್ನೇನೋ ಒಂದಿಷ್ಟು ಹೊಗೆಯ ವಾಸನೆ.

“ಆರ್ನ್‌ಫಿನ್‌ದು,” ಅಂದಳು. “ನಮ್ದು ಸತ್ತೋಯ್ತು ಅಪ್ಪ. ಒಣಗೋಕೆ ಇಟ್ಟಿದ್ದೆ, ನಾನೇ ಓವನ್ ಹಚ್ಚಿದೆ.”

“ಯಾವಾಗ?”

“ಗುರುವಾರ.”

“ಶುಕ್ರವಾರ ನಾನು ಕೇಳಿದೆ.”

“ಹೌದು.”

“ಎದ್ದಿದೆ ಅಂದೆ.”

ಅವನು ಗೋಡೆಯ ಮೊಳೆಯತ್ತ, ತನ್ನ ಟೋಪಿಯತ್ತ ಒಮ್ಮೆ ನೋಡಿದ.

“ಬೇರೆಯವರ ಹೆಪ್ಪು ತರೋದ್ರಲ್ಲಿ ತಪ್ಪಿಲ್ಲ,” ಅಂದ ಕೊನೆಗೆ, ಹಂಡೆಗೆ ಹೇಳುವವನಂತೆ. “ನಮ್ಮಪ್ಪ ಇದೇ ಮಾಡಿದ. ಬಾಯಿ ಬಿಡ್ಲಿಲ್ಲ. ನಾನು ಆಗ ಹುಡುಗ, ಪಕ್ಕದಲ್ಲೇ ನಿಂತಿದ್ದೆ, ನಾನೂ ಬಿಡ್ಲಿಲ್ಲ. ಅವತ್ತಿಂದ ಆ ಮನೆ ಬಿಯರ್ ನನ್ನ ಗಂಟಲಲ್ಲಿ ಇಳಿಯಲ್ಲ.”

ಪೊಟ್ಟಣವನ್ನು ಅವಳಿಗೇ ಹಿಂತಿರುಗಿಸಿದ. “ಸುಟ್ಟವಳು ನೀನು, ಕೇಳಿ ತಂದವಳು ನೀನು. ನೀನೇ ಹಾಕು. ಕೂಗೋದೂ ನೀನೇ.”

ಹೆಪ್ಪು ಹಾಕುವಾಗ ಮನೆಯವರೆಲ್ಲ ಗಟ್ಟಿಯಾಗಿ ಕೂಗಬೇಕು. ಕೂಗು ಎಷ್ಟು ಜೋರೋ ಬಿಯರ್ ಅಷ್ಟು ಚುರುಕು. ಸಿನ್ನೆವಾ ಚೂರುಗಳನ್ನು ಉದುರಿಸಿ ಬಾಯಿ ತೆರೆದಳು. ಎರಡು ದಿನದಿಂದ ಒಳಗಿಟ್ಟುಕೊಂಡಿದ್ದುದೆಲ್ಲ ಹೊರಬಂತು. ಎಂಬ್ಲಾ ಕಿವಿ ಮುಚ್ಚಿಕೊಂಡು ತಾನೂ ಕಿರುಚಿದಳು, ಒಳಗೆ ಕೂಸು ಬೆಚ್ಚಿ ಅಳತೊಡಗಿತು. ಮಹಡಿಯಿಂದ ಸುತ್ತಿಗೆ ಹಿಡಿದೇ ಇಳಿದು ಬಂದ ಹಾಲ್ವಾರ್ಡ್, “ಏನಾಯ್ತು, ಯಾರು ಬಿದ್ದರು?” ಅಂದ. ತೋರ್ಲೈವ್ ಮಾತ್ರ ಕೂಗಲಿಲ್ಲ.

ಆಮೇಲೆ ಕಾಯುವುದು. ಹಂಡೆಯನ್ನು ಹಳೆಯ ಕುರಿತುಪ್ಪಟದ ಹೊದಿಕೆಯಲ್ಲಿ ಸುತ್ತಿದರು. ನಾಲ್ಕಾಯಿತು, ನಾಲ್ಕೂವರೆಯಾಯಿತು. ಆರ್ನ್‌ಫಿನ್‌ನ ಹೆಪ್ಪೂ ಏಳದಿದ್ದರೆ? ಬೇಗ ಹಾಕಿದೆನೇ, ಬಿಸಿ ಹೆಚ್ಚಿತ್ತೇ? ಥರ್ಮಾಮೀಟರ್ ಸರಿ ತೋರಿಸುತ್ತಿದೆಯೇ? ಇಷ್ಟು ದಿನ ಕೂಸನ್ನು ತಪ್ಪು ಬಿಸಿಯಲ್ಲಿ ಮೀಯಿಸಿದೆನೇ? ಅಪ್ಪ ಮನೆಗೆ ಹೋಗಲಿಲ್ಲ. ಹಂಡೆಯ ಪಕ್ಕ ಮುಕ್ಕಾಲಿ ಹಾಕಿಕೊಂಡು ಕೂತಿದ್ದ. ಐದೂಕಾಲಿಗೆ ಮುಚ್ಚಳಕ್ಕೆ ಕಿವಿಯಿಟ್ಟ.

“ಬಾ ಇಲ್ಲಿ.”

ಅವಳೂ ಕಿವಿಯಿಟ್ಟಳು. ದೂರದಲ್ಲಿ ಯಾರೋ ಎಣ್ಣೆಯಲ್ಲಿ ಏನನ್ನೋ ಕರಿಯುತ್ತಿರುವಂಥ ಸದ್ದು. ಹೆಪ್ಪು ಎದ್ದಿತ್ತು.

“ಆರ್ನ್‌ಫಿನ್‌ಗೆ ಹೇಳು, ಸೋಮವಾರ ಸಂಜೆ ರುಚಿ ನೋಡೋಕೆ ಬರಲಿ ಅಂತ,” ಅಂದ ತೋರ್ಲೈವ್. “ಬೇಡ, ಇರು. ನಾನೇ ಹೋಗಿ ಕರೀತೀನಿ.”

ಸೋಮವಾರ ಆರ್ನ್‌ಫಿನ್ ಬಂದ, ಮೊದಲ ಬಟ್ಟಲು ಅವನಿಗೇ ಹೋಯಿತು. ಎರಡನೆಯದನ್ನು ತೋರ್ಲೈವ್ ತೆಗೆದುಕೊಂಡು, ಮೂಸದೆ ಕುಡಿದ. ಹಿಮದ ಗಾಡಿಯ ಹೊಸ ಚಾಲಕ ತಿರುವಿನಲ್ಲಿ ಬೇಲಿ ಮುರಿಯುವುದಕ್ಕೆ ಅವನನ್ನು ಇಬ್ಬರೂ ಸೇರಿ ಒಂದಿಷ್ಟು ಬೈದರು.

ಆರ್ನ್‌ಫಿನ್ ಹೋದ ಮೇಲೆ ಸಿನ್ನೆವಾ ತಳದ ಹೆಪ್ಪನ್ನು ಬಳಿದು ತೆಗೆದಳು. ದಪ್ಪಗೆ, ಕೆನೆಯಂತೆ, ಎರಡು ಬೋಗುಣಿ ಬಂತು. ಒಂದನ್ನು ತೋರ್ಲೈವ್ ತನ್ನತ್ತ ಎಳೆದುಕೊಂಡು ಮುಚ್ಚಳ ಹಾಕಿದ.

“ಇದು ನನ್ನ ಮನೇಲಿ ಒಣಗಲಿ.”

ಮಾತು ಚುಚ್ಚಿತು. ಚುಚ್ಚಿದ್ದು ಅವನಿಗೂ ತಿಳಿದಿರಬೇಕು. ಬಾಗಿಲ ಬಳಿ ಬೂಟು ಹಾಕಿಕೊಳ್ಳುತ್ತ, “ನನಗೇನು ಬನ್ನು ಸುಡೋಕಿಲ್ಲ,” ಅಂದ.

ಓವನ್ನಿನಲ್ಲಿಡಲು ಧೈರ್ಯ ಬರದೆ, ತನ್ನ ಪಾಲಿನ ಹೆಪ್ಪನ್ನು ಎಲ್ಲಿ ಒಣಗಿಸುವುದೆಂದು ಅವಳಿಗೆ ಬೇಗ ತೋಚಲಿಲ್ಲ. ತಟ್ಟೆ ಹಿಡಿದು ಕೋಣೆಯಿಂದ ಕೋಣೆಗೆ ತಿರುಗಿದಳು. ಸ್ನಾನದ ಮನೆಯಲ್ಲಿ ಎಂಬ್ಲಾ ನೀರು ಚೆಲ್ಲುತ್ತಾಳೆ. ಹಾಸಿಗೆಯ ಪಕ್ಕ ಕೂಸಿನ ಬಟ್ಟೆಯ ನೂಲು ಬೀಳುತ್ತದೆ. ಕೊನೆಗೆ ಬೀರುವಿನ ತಲೆಯ ಮೇಲೆ ಇಟ್ಟು, ಕುರ್ಚಿಯಿಂದ ಇಳಿದು, ಮತ್ತೆ ಹತ್ತಿ ನೋಡಿ ಇಳಿದಳು. ಅಷ್ಟರಲ್ಲಿ ಕೂಸು ಎದ್ದಿತ್ತು.